ಲಂಡನ್ ಪ್ರವಾಸ: ಹೊರಡುವ ಮುನ್ನ ಅಲ್ಲಿ ನೆಲೆಸಿದ ನಮ್ಮವರನ್ನು ಕೇಳಿ

ಮುಂಬಯಿಯ ಯಾವುದೇ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೂ ಚಹಾದ ಹೊತ್ತಿನಲ್ಲಿ ಈಗ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಮಗ ಲಂಡನ್ನಿನಲ್ಲಿದ್ದಾನೆ, ಮಗಳು ಮ್ಯಾಂಚೆಸ್ಟರಿನಲ್ಲಿದ್ದಾಳೆ, ಈ ಬೇಸಿಗೆಯಲ್ಲಿ ನಾವೂ ಒಮ್ಮೆ ಹೋಗಿ ಬರಬೇಕು ಎಂಬ ಮಾತು ಅದು. ಬ್ಯಾಂಕು, ರೈಲ್ವೆ, ಅಂಚೆ ಕಚೇರಿ, ಹೋಟೆಲು ಎಂದು ಜೀವಮಾನವಿಡೀ ದುಡಿದ ದಂಪತಿಗಳಿಗೆ ಇದು ಬಹುಶಃ ಒಂದೇ ಬಾರಿಯ ವಿದೇಶ ಪ್ರವಾಸ. ಕೂಡಿಟ್ಟ ಹಣ, ಇನ್ನೂ ಓಡಾಡುವ ಶಕ್ತಿ ಉಳಿದಿರುವ ಮೊಣಕಾಲು, ಎರಡನ್ನೂ ಮತ್ತೆ ಮತ್ತೆ ಖರ್ಚು ಮಾಡಲಾಗದು. ಆದರೆ ಹೋಗಿ ಬಂದವರಲ್ಲಿ ಹಲವರು ಹೇಳುವುದು ಬೇರೆಯೇ. ಮಕ್ಕಳು ಬೆಳಗ್ಗೆ ಕೆಲಸಕ್ಕೆ ಹೋದ ಮೇಲೆ ಸಂಜೆಯ ತನಕ ಕಿಟಕಿಯ ಬಳಿ ಕುಳಿತದ್ದೇ ನೆನಪು. ಇಲ್ಲವೇ ಟೂರ್ ಕಂಪೆನಿಯ ಬಸ್ಸಿನಿಂದ ಇಳಿದು, ಫೋಟೋ ತೆಗೆದು, ಮತ್ತೆ ಬಸ್ಸು ಹತ್ತಿದ್ದೇ ನೆನಪು.

ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಆ ಊರನ್ನು ಬಲ್ಲವರನ್ನು ಮೊದಲೇ ಕೇಳಿ, ತಮ್ಮ ಪ್ರವಾಸವನ್ನು ತಾವೇ ರೂಪಿಸಿಕೊಳ್ಳುವುದು.

ಮುಂಬಯಿ ಕನ್ನಡಿಗರಿಗೆ ಇದು ಹೊಸ ಪಾಠವೇನಲ್ಲ. ಊರಿನವರೊಬ್ಬರ ವಿಳಾಸದ ಚೀಟಿ ಹಿಡಿದು ಈ ನಗರಕ್ಕೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರು ನಮ್ಮದು. ಯಾವ ಲೋಕಲ್ ಹಿಡಿಯಬೇಕು, ಎಲ್ಲಿ ಇಳಿಯಬೇಕು ಎಂದು ಆಗ ಹೇಳಿಕೊಟ್ಟವರು ಮೊದಲೇ ಬಂದಿದ್ದ ನಮ್ಮವರೇ. ಅದೇ ಕ್ರಮ ಇಂದು ಲಂಡನ್ನಿಗೂ ಸಲ್ಲುತ್ತದೆ.

ಯಾರನ್ನು ಕೇಳಬೇಕು?

ಬ್ರಿಟನ್ನಿನಲ್ಲಿ ಕನ್ನಡ ಬಳಗ, ಕನ್ನಡಿಗರು ಯುಕೆ ಮುಂತಾದ ಸಂಘಟನೆಗಳಿವೆ. ಲಂಡನ್ನಿನ ವೆಸ್ಟ್ ಕೆನ್ಸಿಂಗ್ಟನ್‌ನಲ್ಲಿ ಭಾರತೀಯ ವಿದ್ಯಾ ಭವನದ ಕೇಂದ್ರವಿದೆ. ಶಿವಮೊಗ್ಗ ಬಳಿಯ ಮತ್ತೂರಿನವರಾದ ಡಾ. ಎಂ. ಎನ್. ನಂದಕುಮಾರ ಅವರು ದೀರ್ಘ ಕಾಲ ಇದರ ಸಾರಥ್ಯ ವಹಿಸಿದ್ದಾರೆ. ಸಂಗೀತ, ನೃತ್ಯ ಕಾರ್ಯಕ್ರಮಗಳ ದಿನ ಅಲ್ಲಿ ಕನ್ನಡ ಮಾತು ಕಿವಿಗೆ ಬೀಳುವುದು ಅಪರೂಪವಲ್ಲ.

ಒಬ್ಬರನ್ನೇ ಕೇಳಿ ಸುಮ್ಮನಾಗಬಾರದು. ಮೂವತ್ತು ವರ್ಷಗಳಿಂದ ಅಲ್ಲಿರುವ ವೈದ್ಯರು ಸ್ವಂತ ಕಾರಿನಲ್ಲಿ ಓಡಾಡುವವರು. ಬಸ್ಸಿನ ಟಿಕೇಟಿನ ಸಂಗತಿ ಅವರಿಗೆ ತಿಳಿದಿರಲಿಕ್ಕಿಲ್ಲ. ಕಳೆದ ವರ್ಷ ಓದಲು ಹೋದ ಹುಡುಗನಿಗೆ ಅಗ್ಗದ ದಾರಿಗಳೆಲ್ಲ ಗೊತ್ತು, ಆದರೆ ಎಪ್ಪತ್ತರ ಹರೆಯದವರ ಆಯಾಸ ಗೊತ್ತಿಲ್ಲ. ಇಬ್ಬರನ್ನೂ ಕೇಳಬೇಕು. "ಲಂಡನ್ನಿನಲ್ಲಿ ಏನೇನು ನೋಡಬೇಕು?" ಎಂದು ಕೇಳಿದರೆ ಪುಸ್ತಕದಲ್ಲಿರುವ ಪಟ್ಟಿಯೇ ಸಿಗುತ್ತದೆ. "ನಿಮ್ಮ ಅಪ್ಪ ಅಮ್ಮ ಬಂದಾಗ ಅವರನ್ನು ಎಲ್ಲಿಗೆ ಕರೆದೊಯ್ದಿರಿ? ಅವರಿಗೆ ಎಲ್ಲಿ ಕಷ್ಟವಾಯಿತು?" ಎಂದು ಕೇಳಿದರೆ ಅನುಭವದ ಮಾತು ಸಿಗುತ್ತದೆ.

ವೀಸಾ ಮತ್ತು ವಿಮೆ

ವೀಸಾ ವಿಷಯದಲ್ಲಿ ಮಾತ್ರ ಸ್ನೇಹಿತರ ಸಲಹೆಗಿಂತ ಬ್ರಿಟಿಷ್ ಸರಕಾರದ ಅಧಿಕೃತ ಮಾಹಿತಿಯೇ ಪ್ರಮಾಣ. ಸಾಮಾನ್ಯ ಸಂದರ್ಶಕರ ವೀಸಾದಲ್ಲಿ ಒಮ್ಮೆಗೆ ಗರಿಷ್ಠ 6 ತಿಂಗಳು ಇರಬಹುದು. ಪ್ರಯಾಣಕ್ಕೆ 3 ತಿಂಗಳು ಮುಂಚಿತವಾಗಿ ಅರ್ಜಿ ಸಲ್ಲಿಸಬಹುದು. ಬೇಸಿಗೆ ರಜೆಯ ನೂಕುನುಗ್ಗಲಿಗೆ ಮುನ್ನ ಸಲ್ಲಿಸುವುದು ಲೇಸು. ಬ್ಯಾಂಕಿನಲ್ಲಿ ಹಣ ಹೆಚ್ಚು ತೋರಿಸಲು ಯಾರಾದರೂ ಸುಳ್ಳು ಕಾಗದ ಮಾಡಿಕೊಡುತ್ತೇನೆಂದರೆ ದೂರವಿರಬೇಕು. ವಂಚನೆ ಸಾಬೀತಾದರೆ 10 ವರ್ಷ ಪ್ರವೇಶ ನಿಷೇಧಿಸುವ ನಿಯಮವಿದೆ. ಮೊಮ್ಮಕ್ಕಳ ಮುಖ ನೋಡಲು ಹೊರಟವರಿಗೆ ಇದಕ್ಕಿಂತ ದೊಡ್ಡ ನಷ್ಟ ಬೇರೆ ಯಾವುದಿದೆ?

ಅಲ್ಲಿ ನೆಲೆಸಿದವರು ಒಕ್ಕೊರಲಿನಿಂದ ಹೇಳುವ ಇನ್ನೊಂದು ಮಾತು ಆರೋಗ್ಯ ವಿಮೆಯದ್ದು. ಅಲ್ಲಿನ ಸರಕಾರಿ ಆಸ್ಪತ್ರೆ ಉಚಿತ ಎಂಬುದು ಅಲ್ಲಿ ವಾಸಿಸುವವರಿಗೆ ನಿಜ, ಪ್ರವಾಸಿಗಳಿಗಲ್ಲ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಲ್ಕವಿಲ್ಲದಿದ್ದರೂ, ಆಸ್ಪತ್ರೆಗೆ ದಾಖಲಾದರೆ ಭಾರತದಿಂದ ಹೋದ ಸಂದರ್ಶಕರಿಂದ ನಿಗದಿತ ದರದ ಒಂದೂವರೆ ಪಟ್ಟು ವಸೂಲಿ ಮಾಡಲಾಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ಅದನ್ನು ಮುಚ್ಚಿಡದೆ ವಿಮಾ ಪತ್ರದಲ್ಲಿ ನಮೂದಿಸಬೇಕು. ಮುಚ್ಚಿಟ್ಟರೆ ಬೇಕಾದಾಗ ವಿಮೆ ಕೈಕೊಡುತ್ತದೆ. ಔಷಧಿಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ತುರ್ತು ಸಂದರ್ಭಕ್ಕೆ 999, ಉಳಿದ ಆರೋಗ್ಯ ಸಲಹೆಗೆ 111 ಎಂಬ ಎರಡು ಸಂಖ್ಯೆಗಳು ನೆನಪಿರಲಿ.

ಓಡಾಟದ ಗುಟ್ಟು

ಲಂಡನ್ ಬಸ್ಸುಗಳಲ್ಲಿ 2014ರ ಜುಲೈಯಿಂದ ನಗದು ಸ್ವೀಕರಿಸುವುದಿಲ್ಲ. ಆಯ್‌ಸ್ಟರ್ ಕಾರ್ಡ್ ಅಥವಾ ಸ್ಪರ್ಶದಿಂದಲೇ ಹಣ ಪಾವತಿಯಾಗುವ ಬ್ಯಾಂಕ್ ಕಾರ್ಡ್ ಬೇಕು. ಗಂಡ ಹೆಂಡತಿ ಒಂದೇ ಕಾರ್ಡಿನಲ್ಲಿ ಒಟ್ಟಿಗೆ ಪ್ರಯಾಣಿಸುವಂತಿಲ್ಲ, ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಇರಬೇಕು. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಕಾರ್ಡ್ ತಾಗಿಸಿದರೆ ಸಾಕು. ಟ್ಯೂಬ್ ರೈಲಿನಲ್ಲಿ ಒಳಹೋಗುವಾಗಲೂ ಹೊರಬರುವಾಗಲೂ ತಾಗಿಸಬೇಕು. ಒಂದು ದಿನಕ್ಕೆ ನಿಗದಿತ ಮಿತಿ ಮುಟ್ಟಿದ ಮೇಲೆ ಎಷ್ಟು ಓಡಾಡಿದರೂ ಹೆಚ್ಚಿನ ಹಣ ಕಡಿತವಾಗುವುದಿಲ್ಲ. ವಾರದ ದಿನಗಳಲ್ಲಿ ಬೆಳಗ್ಗೆ 9.30ರ ನಂತರ ಹೊರಟರೆ ಟ್ಯೂಬ್ ದರವೂ ಕಡಿಮೆ, ನಮ್ಮ ದಾದರ್ ನಿಲ್ದಾಣದ ಹಾಗಿನ ನೂಕುನುಗ್ಗಲೂ ಕಡಿಮೆ.

ಅರವತ್ತು ದಾಟಿದವರಿಗೆ ಬಸ್ಸು, ಟ್ಯೂಬ್ ಉಚಿತ ಎಂದು ಕೇಳಿ ಹೋದವರು ನಿರಾಶರಾಗುತ್ತಾರೆ. ಆ ಸೌಲಭ್ಯ ಅಲ್ಲಿನ ನಿವಾಸಿಗಳಿಗೆ ಮಾತ್ರ. ಆದರೆ ಹೆಚ್ಚಿನವರಿಗೆ ತಿಳಿಯದ ಸಂಗತಿಯೊಂದಿದೆ. ದೂರದ ರೈಲುಗಳಿಗೆ ಅನ್ವಯಿಸುವ ಸೀನಿಯರ್ ರೈಲ್‌ಕಾರ್ಡನ್ನು 60 ತುಂಬಿದ ಪ್ರವಾಸಿಗಳೂ ಪಾಸ್‌ಪೋರ್ಟ್ ತೋರಿಸಿ ಕೊಳ್ಳಬಹುದು. ಹೆಚ್ಚಿನ ಟಿಕೇಟುಗಳಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಎಡಿನ್‌ಬರೋ ಅಥವಾ ಮ್ಯಾಂಚೆಸ್ಟರಿಗೆ ಹೋಗುವವರು ಟಿಕೇಟನ್ನು ಕೆಲವು ವಾರ ಮೊದಲೇ ಕೊಂಡರೆ ಇನ್ನಷ್ಟು ಉಳಿತಾಯ.

ಟ್ಯೂಬಿನ ಎಲ್ಲ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತಲಾಗದವರಿಗೆಂದೇ ಪ್ರತ್ಯೇಕ ನಕಾಶೆ ದೊರೆಯುತ್ತದೆ. ಮೊಣಕಾಲು ನೋವಿದ್ದವರಿಗೆ ಬಸ್ಸೇ ಹಿತ, ಊರೂ ಕಾಣುತ್ತದೆ. ಶನಿವಾರ, ಭಾನುವಾರ ದುರಸ್ತಿಗಾಗಿ ಕೆಲವು ಮಾರ್ಗ ಮುಚ್ಚುವುದುಂಟು. ಡಿಸೆಂಬರ್ 25ರಂದು ನಗರದ ಬಸ್ಸು, ಟ್ಯೂಬ್ ಓಡುವುದೇ ಇಲ್ಲ. ಜೂನ್‌ನಲ್ಲಿ ರಾತ್ರಿ 9ರ ತನಕ ಬೆಳಕಿದ್ದರೆ, ಡಿಸೆಂಬರಿನಲ್ಲಿ ಸಂಜೆ 4ಕ್ಕೆ ಮುನ್ನವೇ ಸೂರ್ಯಾಸ್ತ. ಆದುದರಿಂದ ಯಾವ ತಿಂಗಳು ಹೋಗಬೇಕೆಂಬುದನ್ನೇ ಮೊದಲ ಪ್ರಶ್ನೆಯಾಗಿ ಕೇಳಬೇಕು.

ಕನ್ನಡಿಗರು ನೋಡಲೇಬೇಕಾದ ತಾಣಗಳು

ಥೇಮ್ಸ್ ನದಿಯ ದಂಡೆಯಲ್ಲಿ, ವಾಕ್ಸ್‌ಹಾಲ್ ಮತ್ತು ಲ್ಯಾಂಬೆತ್ ಸೇತುವೆಗಳ ನಡುವೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಜಗಜ್ಯೋತಿ ಬಸವೇಶ್ವರರ ಪ್ರತಿಮೆಯಿದೆ. ಕಲಬುರಗಿ ಮೂಲದವರಾಗಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪನೆಗೊಂಡ ಈ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣಗೊಳಿಸಿದರು. ಟೂರ್ ಬಸ್ಸುಗಳು ಇಲ್ಲಿ ನಿಲ್ಲುವುದು ಅಪರೂಪ. ವಾಕ್ಸ್‌ಹಾಲ್ ನಿಲ್ದಾಣದಲ್ಲಿ ಇಳಿದು ನದಿಯ ಬದಿಯಲ್ಲಿ ನಡೆದುಕೊಂಡೇ ಹೋಗಬಹುದು.

ಅದೇ ದಿನ ಉದ್ಘಾಟನೆಗೊಂಡದ್ದು ಕಿಂಗ್ ಹೆನ್ರೀಸ್ ರೋಡ್‌ನ 10ನೇ ನಂಬರಿನ ಮನೆ. ಡಾ. ಬಿ. ಆರ್. ಅಂಬೇಡ್ಕರ್ ಅವರು ಲಂಡನ್ನಿನಲ್ಲಿ ಓದುತ್ತಿದ್ದಾಗ 1921-22ರಲ್ಲಿ ವಾಸವಿದ್ದ ಈ ಮನೆಯನ್ನು ಮಹಾರಾಷ್ಟ್ರ ಸರಕಾರ ಖರೀದಿಸಿ ಸ್ಮಾರಕವಾಗಿಸಿತು. ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡನ್ನೂ ತಮ್ಮದೆನ್ನುವ ಮುಂಬಯಿ ಕನ್ನಡಿಗರಿಗೆ ಒಂದೇ ದಿನ ಎರಡನ್ನೂ ನೋಡುವ ಅವಕಾಶವಿದು.

ಶ್ರೀರಂಗಪಟ್ಟಣದಿಂದ 1799ರಲ್ಲಿ ಬ್ರಿಟಿಷರು ಕೊಂಡೊಯ್ದ ಟಿಪ್ಪುವಿನ ಮರದ ಹುಲಿ ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಮ್ಯೂಸಿಯಮ್ಮಿನ ವಿಭಾಗಗಳು ಆಗಾಗ ನವೀಕರಣಗೊಳ್ಳುವುದರಿಂದ ಹುಲಿ ಪ್ರದರ್ಶನದಲ್ಲಿದೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು. ಈ ಮ್ಯೂಸಿಯಂ, ಬ್ರಿಟಿಷ್ ಮ್ಯೂಸಿಯಂ ಎರಡಕ್ಕೂ ಸಾಮಾನ್ಯ ಪ್ರವೇಶ ಉಚಿತ. ಮಕ್ಕಳು ಕೆಲಸಕ್ಕೆ ಹೋದ ದಿನಗಳನ್ನು ಇಲ್ಲಿ ಖರ್ಚಿಲ್ಲದೆ ಕಳೆಯಬಹುದು.

ಬುತ್ತಿಯ ಮಾತು

ಸಸ್ಯಾಹಾರಿಗಳು ಹೆದರಬೇಕಿಲ್ಲ. ಯೂಸ್ಟನ್ ನಿಲ್ದಾಣದ ಬಳಿಯ ಡ್ರಮ್ಮಂಡ್ ಸ್ಟ್ರೀಟ್, ವೆಂಬ್ಲಿಯ ಈಲಿಂಗ್ ರೋಡ್, ಈಸ್ಟ್ ಹ್ಯಾಮ್ ಈ ಮೂರು ಹೆಸರು ಬರೆದಿಟ್ಟುಕೊಂಡರೆ ದೋಸೆ, ಇಡ್ಲಿಗೆ ಕೊರತೆಯಾಗದು. ಆದರೆ ಮಗಳಿಗೆ ಇಷ್ಟವೆಂದು ಧಾರವಾಡ ಪೇಡೆಯ ಡಬ್ಬ ಒಯ್ಯುವಂತಿಲ್ಲ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವುದು ಅಲ್ಲಿ ನಿಷಿದ್ಧ, ವಿಮಾನ ನಿಲ್ದಾಣದಲ್ಲೇ ಕಸಿದುಕೊಳ್ಳುತ್ತಾರೆ. ಅಕ್ಕರೆಯನ್ನು ಸಾರಿನ ಪುಡಿ, ಚಟ್ನಿಪುಡಿಯ ರೂಪದಲ್ಲಿ, ಮೇಲೆ ಹೆಸರು ಬರೆದು ಒಯ್ಯುವುದೇ ಸರಿ.

ಕೇಳುವವರ ಕರ್ತವ್ಯ

ಸಲಹೆ ಕೊಡುವವರಿಗೂ ಅವರದೇ ಸಂಸಾರ, ದುಡಿಮೆ ಇದೆ ಎಂಬುದನ್ನು ಮರೆಯಬಾರದು. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ಇಲ್ಲಿನ ಬೆಳಗಿನ ಕಾಫಿಯ ಹೊತ್ತಿಗೆ ಫೋನ್ ಮಾಡಿದರೆ ಅಲ್ಲಿ ನಡುರಾತ್ರಿ. ಪ್ರಶ್ನೆಗಳನ್ನೆಲ್ಲ ಒಮ್ಮೆಗೇ ಬರೆದು ಕಳುಹಿಸಿದರೆ ಅವರು ಬಿಡುವಾದಾಗ ಉತ್ತರಿಸುತ್ತಾರೆ. ಸಲಹೆ ಕೇಳಿದ ಮಾತ್ರಕ್ಕೆ ಅವರ ಮನೆಯಲ್ಲಿ ತಂಗುವ ಹಕ್ಕು ಬರುವುದಿಲ್ಲ. ಅವರ ವೃದ್ಧ ತಂದೆ ತಾಯಿ ಮುಂಬಯಿಯಲ್ಲೋ ಊರಿನಲ್ಲೋ ಇದ್ದರೆ, ಒಮ್ಮೆ ಹೋಗಿ ಮಾತನಾಡಿಸಿ ಬರುವುದಕ್ಕಿಂತ ದೊಡ್ಡ ಪ್ರತ್ಯುಪಕಾರ ಇನ್ನೊಂದಿಲ್ಲ.

ಈ ಕಾರ್ಯದಲ್ಲಿ ನಮ್ಮ ಸಂಘ ಸಂಸ್ಥೆಗಳೂ ಕೈಜೋಡಿಸಬಹುದು. ಹೋಗಿ ಬಂದ ಸದಸ್ಯರು ಎಲ್ಲಿ ತಂಗಿದರು, ಎಷ್ಟು ಖರ್ಚಾಯಿತು, ಎಲ್ಲಿ ಎಡವಿದರು ಎಂಬುದನ್ನು ತಾರೀಕು ಸಹಿತ ಬರೆದಿಡಲು ಸಂಘದ ಕಚೇರಿಯಲ್ಲಿ ಒಂದು ಪುಸ್ತಕವಿಟ್ಟರೆ ಸಾಕು. ಮಹಿಳಾ ವಿಭಾಗದ ಅಥವಾ ಹಿರಿಯ ನಾಗರಿಕರ ವಿಭಾಗದ ಸಭೆಯಲ್ಲಿ ಅರ್ಧ ಗಂಟೆ ಅದಕ್ಕೆ ಮೀಸಲಿಡಬಹುದು. ಮುಂದಿನ ಬೇಸಿಗೆಯಲ್ಲಿ ಹೊರಡುವ ದಂಪತಿ ಮೊದಲು ಆ ಪುಸ್ತಕವನ್ನು ತಿರುವಿ ನೋಡಲಿ, ಆಮೇಲೆ ಟಿಕೇಟು ಕೊಳ್ಳಲಿ.