ಫಾರ್ಮ್ಯಾಟ್ ಮಾಡಿದರೂ ಏಳದ ಕೀಲಿಗಳು

ನುಡಿ ತಂತ್ರಾಂಶದಲ್ಲಿ ‘ಕನ್ನಡ’ ಎಂದು ಟೈಪಿಸಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಒತ್ತು ಸಾಕು. ನಡುವಿನ ಎಫ್ ಒತ್ತಕ್ಷರ ಕೂಡಿಸುವ ಕೀಲಿ. ಅದೊಂದು ಕೈಕೊಟ್ಟರೆ ಪರದೆಯ ಮೇಲೆ ಮೂಡುವುದು ‘ಕನನಡ’. ಅಕ್ಕ ‘ಅಕಕ’ ಆಗುತ್ತಾಳೆ, ಅಪ್ಪ ‘ಅಪಪ’. ಓದುಗರೊಬ್ಬರ ಲ್ಯಾಪ್‌ಟಾಪಿಗೆ ಬಂದಿರುವ ಕಷ್ಟ ಇದೇ. ಎಫ್ ಜೊತೆಗೆ ಆರ್, ವಿ ಮತ್ತು 4 ಕೂಡ ಒಂದೇ ದಿನ ಸುಮ್ಮನಾದವಂತೆ. ಅಂಗಡಿಯವರು ವೈರಸ್ ಎಂದರು, ವಿಂಡೋಸ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿಕೊಟ್ಟರು. ಮಗಳ ಮದುವೆಯ ಒಂದಷ್ಟು ಫೋಟೊ ಹೋದವು, ಕೀಲಿಗಳು ಮಾತ್ರ ಏಳಲಿಲ್ಲ. ಎಲ್ಲ ಅಳಿಸಿದ ಮೇಲೂ ಕಾಯಿಲೆ ಉಳಿದದ್ದು ಎಲ್ಲಿ, ಅದೂ ಈ ನಾಲ್ಕೇ ಕೀಲಿ ಯಾಕೆ ಎಂದು ಅವರು ಕೇಳಿದ್ದಾರೆ.

ಉತ್ತರದ ಸುಳಿವು ಆ ‘ನಾಲ್ಕೇ ಕೀಲಿ’ಯಲ್ಲೇ ಇದೆ.

ಸಾಮಾನ್ಯ ಕೀಲಿಮಣೆಯಲ್ಲಿ 104 ಕೀಲಿಗಳಿರುತ್ತವೆ. ಒಂದೊಂದಕ್ಕೂ ಪ್ರತ್ಯೇಕ ತಂತಿ ಎಳೆದರೆ ನೂರಕ್ಕೂ ಹೆಚ್ಚು ತಂತಿ ಬೇಕು. ಎಂಜಿನಿಯರುಗಳು ಅಷ್ಟು ದುಂದು ಮಾಡುವವರಲ್ಲ. ಅಡ್ಡಕ್ಕೆ 8 ಗೆರೆ, ಉದ್ದಕ್ಕೆ 18 ಗೆರೆ ಹಾಸಿದರೆ ಅವು ಸಂಧಿಸುವ ಜಾಗಗಳು 144. ಅಂದರೆ ಬರೀ 26 ಗೆರೆಗಳಲ್ಲಿ ಇಡೀ ಕೀಲಿಮಣೆ ಮುಗಿದು ಇನ್ನೂ ಜಾಗ ಮಿಗುತ್ತದೆ. ಟಾಕೀಸಿನ ಸೀಟಿಗೆ ಸಾಲಿನ ಅಕ್ಷರ, ಕುರ್ಚಿಯ ಸಂಖ್ಯೆ ಎರಡನ್ನೂ ಹೇಳಿದರೆ ಜಾಗ ಗೊತ್ತಾಗುವಂತೆ, ಯಾವ ಅಡ್ಡಗೆರೆ ಯಾವ ಉದ್ದಗೆರೆಗೆ ತಾಗಿತು ಎಂಬುದರಿಂದಲೇ ಒತ್ತಿದ ಕೀಲಿ ಯಾವುದೆಂದು ತಿಳಿಯುತ್ತದೆ. ಕೀಲಿಮಣೆಯ ಚಿಪ್ ಒಂದೊಂದೇ ಗೆರೆಗೆ ಮಿಡಿತ ಕಳಿಸಿ, ಉಳಿದವುಗಳಲ್ಲಿ ಅದು ಎಲ್ಲಿ ಬಂತು ಎಂದು ನೋಡುತ್ತಿರುತ್ತದೆ. ಸೆಕೆಂಡಿಗೆ ನೂರಾರು ಸಲ ಈ ಸುತ್ತು ನಡೆಯುತ್ತದೆ. ನೀವು ಏನೂ ಟೈಪಿಸದೆ ಕಾಫಿ ಕುಡಿಯುತ್ತಿರುವಾಗಲೂ ನಿಲ್ಲುವುದಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ಈ ಒಳಗೆರೆಗಳಿಗೂ ಮೇಲೆ ಕಾಣುವ ಕೀಲಿಗಳ ಸಾಲಿಗೂ ಸಂಬಂಧ ಇರಲೇಬೇಕೆಂದಿಲ್ಲ. ಐಬಿಎಂನ ಹೆಸರುವಾಸಿ ಮಾಡೆಲ್ ಎಂ ಕೀಲಿಮಣೆಯಲ್ಲಿ 4, 5, ಆರ್, ಟಿ, ಎಫ್, ಜಿ, ವಿ, ಬಿ ಎಂಟೂ ಒಂದೇ ಗೆರೆಗೆ ಸೇರಿದವು. ಆ ಗೆರೆ ತುಂಡಾದರೆ ಎಂಟೂ ಒಟ್ಟಿಗೆ ಸಾಯುತ್ತವೆ. ಲ್ಯಾಪ್‌ಟಾಪ್‌ಗಳಲ್ಲಿ ಹಂಚಿಕೆ ಕಂಪನಿಗೊಂದು, ಮಾದರಿಗೊಂದು ಬಗೆ. ಕೆಲವೊಮ್ಮೆ ಮಣೆಯ ಆ ಮೂಲೆಯ ಒಂದು ಅಕ್ಷರ, ಈ ಮೂಲೆಯ ಒಂದು ಬಾಣದ ಕೀಲಿ ಜೊತೆಗೇ ಕೆಡುವುದು ಇದರಿಂದಲೇ. ನೋಡುವವರಿಗೆ ಇದು ತಲೆಬುಡವಿಲ್ಲದ ಕಾಟ ಅನ್ನಿಸಿ, ಮನಸ್ಸು ನೇರವಾಗಿ ವೈರಸ್ಸಿನ ಕಡೆ ಓಡುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚುವ ಪಳಗಿದ ಹುಡುಗರನ್ನು ಕೇಳಿದರೆ ಸತ್ತ ಕೀಲಿಗಳ ಪಟ್ಟಿ ನೋಡಿಯೇ ‘ಲೈನ್ ಹೋಗಿದೆ’ ಅಂದುಬಿಡುತ್ತಾರೆ. ಓದುಗರ ಎಫ್, ಆರ್, ವಿ, 4 ಒಂದರ ಪಕ್ಕ ಒಂದು ಇರುವುದರಿಂದ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಗೆರೆ ಹೋಗುವುದು ಹೇಗೆ? ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಅದು ತಂತಿಯೇ ಅಲ್ಲ. ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳ್ಳಿಯ ಕಣ ಬೆರೆತ ಶಾಯಿಯಲ್ಲಿ ಮುದ್ರಿಸಿದ ಗೀರು. ಅಂಥ ಎರಡು ಹಾಳೆ, ನಡುವೆ ತೂತುಗಳಿರುವ ಇನ್ನೊಂದು ಹಾಳೆ. ಕೀಲಿ ಒತ್ತಿದಾಗ ತೂತಿನ ಮೂಲಕ ಮೇಲಿನದು ಕೆಳಗಿನದನ್ನು ಮುಟ್ಟುತ್ತದೆ, ಅಷ್ಟೇ. ಸಕ್ಕರೆ ಹಾಕಿದ ಚಹಾ ಇದರೊಳಗೆ ಇಳಿದರೆ ಹಾಳೆಗಳ ನಡುವೆ ಸಿಕ್ಕಿಬಿದ್ದು ತಿಂಗಳಾದರೂ ಪೂರ್ತಿ ಒಣಗುವುದಿಲ್ಲ. ತೇವವಿದ್ದು ವಿದ್ಯುತ್ತೂ ಹರಿಯುತ್ತಿದ್ದರೆ ಬೆಳ್ಳಿ ತನ್ನ ಜಾಗ ಬಿಟ್ಟು ಪಕ್ಕದ ಗೆರೆಯ ಕಡೆ ಕವಲು ಕವಲಾಗಿ ಬೆಳೆಯುತ್ತದೆ. ಒಂದು ಕಡೆ ಗೆರೆ ಸವೆದು ತುಂಡಾಗುತ್ತದೆ, ಇನ್ನೊಂದು ಕಡೆ ಮುಟ್ಟಬಾರದ ಗೆರೆಗಳು ಒಂದಾಗುತ್ತವೆ. ಚಹಾ ಚೆಲ್ಲಿದ್ದು ಬೇಸಿಗೆಯಲ್ಲಿ, ಕೀಲಿ ಸತ್ತದ್ದು ಮಳೆಗಾಲದಲ್ಲಿ ಎಂಬ ಒಗಟು ಬಿಡಿಸುವುದು ಈ ಬೆಳ್ಳಿಯ ನಿಧಾನದ ನಡಿಗೆ. ಒದ್ದೆಯಾದ ಯಂತ್ರವನ್ನು ಅಕ್ಕಿಯಲ್ಲಿ ಹೂತಿಡುವವರಿಗೂ ಇದನ್ನು ಹೇಳಬೇಕು. ಅಕ್ಕಿಕಾಳು ಹಾಳೆಗಳ ನಡುವಿನ ಸಕ್ಕರೆಯನ್ನು ಹೀರಿ ತೆಗೆಯುವುದಿಲ್ಲ.

ತಪ್ಪಿತಸ್ಥ ಕೀಲಿ ಬೇರೆಯೇ ಇರುವುದೂ ಉಂಟು. ಮೂರು ಕೀಲಿಗಳು ಈ ಗೆರೆಗಳ ಜಾಲದಲ್ಲಿ ಒಂದು ಚೌಕದ ಮೂರು ಮೂಲೆಗಳಾಗಿ ಒಟ್ಟಿಗೆ ಒತ್ತಿಹೋದರೆ, ವಿದ್ಯುತ್ತು ಬಳಸುದಾರಿ ಹಿಡಿದು ನಾಲ್ಕನೆಯ ಮೂಲೆಯ ಕೀಲಿಯೂ ಒತ್ತಿದಂತೆ ತೋರುತ್ತದೆ. ಇದಕ್ಕೆ ಭೂತ ಕೀಲಿ ಎಂದೇ ಹೆಸರು. ದುಬಾರಿ ಕೀಲಿಮಣೆಗಳಲ್ಲಿ ಪ್ರತಿ ಕೀಲಿಗೂ ಒಂದು ಡಯೋಡ್ ಕೂಡಿಸಿ ಇದನ್ನು ತಡೆಯುತ್ತಾರೆ. ಅಗ್ಗದವುಗಳಲ್ಲಿ ಅನುಮಾನ ಬಂದ ಕೂಡಲೇ ಚಿಪ್ ಹೊಸ ಒತ್ತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈಗ ಯಾವುದೋ ಮೂಲೆಯ ಕೀಲಿಯ ಕೆಳಗೆ ಚಕ್ಕುಲಿಯ ಚೂರು ಸಿಕ್ಕಿ ಅದು ಸದಾ ಒತ್ತಿಕೊಂಡೇ ಇದೆ ಎನ್ನಿ. ಒಂಟಿಯಾಗಿ ಸರಿಯಾಗಿ ಬರುವ ಅಕ್ಷರ ಶಿಫ್ಟ್ ಜೊತೆ ಒತ್ತಿದಾಗ ಮಾಯವಾಗಬಹುದು. ಜನ ಅದೇ ಅಕ್ಷರದ ಕೀಲಿಯನ್ನು ಕಿತ್ತು ಉಜ್ಜುತ್ತಾರೆ. ಉಜ್ಜಬೇಕಾದದ್ದು ಬೇರೆ.

ಇನ್ನು ಫಾರ್ಮ್ಯಾಟ್ ವಿಚಾರ. 1981ರ ಐಬಿಎಂ ಪಿಸಿಯ 83 ಕೀಲಿಗಳ ಮಣೆಯೊಳಗೇ ಇಂಟೆಲ್ 8048 ಎಂಬ ಚಿಪ್ ಇತ್ತು, ತನ್ನದೇ ಪ್ರೋಗ್ರಾಮ್ ಸಮೇತ. ಕೀಲಿಮಣೆ ಅಂದಿನಿಂದಲೂ ಒಂದು ಪುಟ್ಟ ಕಂಪ್ಯೂಟರೇ. ಇಂದಿನ ಲ್ಯಾಪ್‌ಟಾಪ್‌ನಲ್ಲಿ ಈ ಕೆಲಸ ಮದರ್‌ಬೋರ್ಡ್‌ನ ಮೇಲಿರುವ ಕಂಟ್ರೋಲರ್ ಚಿಪ್‌ನದು. ವಿಂಡೋಸ್ ಮರುಸ್ಥಾಪಿಸಿದಾಗ ಬದಲಾಗುವುದು ಡಿಸ್ಕ್‌ನಲ್ಲಿರುವ ಸಂಗತಿ ಮಾತ್ರ. ಕಂಟ್ರೋಲರ್‌ನ ಪ್ರೋಗ್ರಾಮ್, ಬಯಾಸ್‌ನ ಸೆಟ್ಟಿಂಗು, ಬೆಳ್ಳಿಯ ಗೆರೆ ಇವು ಯಾವುವೂ ಡಿಸ್ಕ್‌ನಲ್ಲಿಲ್ಲ. ತುಂಡಾದ ಗೆರೆಯನ್ನು ತಂತ್ರಾಂಶ ಬೆಸೆಯುತ್ತದೆ ಎಂದು ನಂಬುವುದು ಮೂಢನಂಬಿಕೆ. ಕಂಪ್ಯೂಟರ್ ಅಂಗಡಿಯಲ್ಲಿ ಹುಟ್ಟಿತು ಎಂಬ ಕಾರಣಕ್ಕೆ ಅದು ವಿಜ್ಞಾನವಾಗುವುದಿಲ್ಲ.

ಆಪಲ್ ಕಂಪನಿಯ ಕಥೆ ಇದಕ್ಕೆ ದೊಡ್ಡ ಸಾಕ್ಷಿ. 2015ರಲ್ಲಿ ಅದು ಮ್ಯಾಕ್‌ಬುಕ್‌ಗೆ ‘ಬಟರ್‌ಫ್ಲೈ’ ಎಂಬ ಬಲು ತೆಳುವಾದ ಕೀಲಿ ತಂದಿತು. ಸಣ್ಣ ಧೂಳಿನ ಕಣ ಹೊಕ್ಕರೂ ಕೀಲಿ ಸುಮ್ಮನಾಗುತ್ತಿತ್ತು, ಇಲ್ಲವೇ ಒಂದೇ ಅಕ್ಷರ ಎರಡೆರಡು ಸಲ ಬರುತ್ತಿತ್ತು. ಕಂಪನಿಯ ಅಧಿಕೃತ ಸಲಹೆ ಏನಿತ್ತು ಗೊತ್ತೇ? ಲ್ಯಾಪ್‌ಟಾಪನ್ನು 75 ಡಿಗ್ರಿ ಓರೆಯಾಗಿ ಹಿಡಿದು, ಒತ್ತಡದ ಗಾಳಿಯನ್ನು ಎಡದಿಂದ ಬಲಕ್ಕೆ ಊದಿ ಎಂದು! 2018ರ ಜೂನ್‌ನಲ್ಲಿ ಉಚಿತ ರಿಪೇರಿ ಯೋಜನೆ ಬಂತು. 2019ರಲ್ಲಿ ಹಳೆಯ ಕತ್ತರಿ ಮಾದರಿಯ ಕೀಲಿಗೆ ಮರಳಿದ್ದಾಯಿತು. 2022ರಲ್ಲಿ ಅಮೆರಿಕದ ಗ್ರಾಹಕರ ಮೊಕದ್ದಮೆಯನ್ನು 5 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಳ್ಳಲು ಆಪಲ್ ಒಪ್ಪಿತು. ಯಂತ್ರವನ್ನೂ ತಂತ್ರಾಂಶವನ್ನೂ ತಾನೇ ಮಾಡುವ ಕಂಪನಿಗೂ ತಂತ್ರಾಂಶದಿಂದ ಧೂಳು ತೆಗೆಯಲಾಗಲಿಲ್ಲ.

ಹಾಗೆಂದು ಸತ್ತಂತೆ ಕಾಣುವ ಕೀಲಿಗಳೆಲ್ಲ ಸತ್ತಿರುವುದಿಲ್ಲ. ವಿಂಡೋಸ್‌ನಲ್ಲಿ ಬಲಗಡೆಯ ಶಿಫ್ಟ್ ಕೀಲಿಯನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀ ಎಂಬ ಸೌಲಭ್ಯ ಚಾಲೂ ಆಗುತ್ತದೆ. ಆಮೇಲೆ ಚಕಚಕ ಒತ್ತಿದ ಒತ್ತುಗಳನ್ನು ಅದು ಗಣಿಸುವುದೇ ಇಲ್ಲ. ಹಳೆಯ ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ನಮ್‌ಲಾಕ್ ಬಿದ್ದರೆ ಜೆ, ಕೆ, ಎಲ್ ಬದಲು 1, 2, 3 ಬರುತ್ತವೆ. ಗೇಮಿಂಗ್ ಕೀಲಿಮಣೆಗಳಲ್ಲಿ ವಿಂಡೋಸ್ ಕೀಲಿಯನ್ನು ಬಂದ್ ಮಾಡುವ ಬೀಗ ಮಣೆಯೊಳಗೇ ಇರುತ್ತದೆ. ಅದೂ ಫಾರ್ಮ್ಯಾಟ್‌ಗೆ ಬಗ್ಗುವುದಿಲ್ಲ, ಎಫ್‌ಎನ್ ಜೊತೆ ಸರಿಯಾದ ಕೀಲಿ ಒತ್ತಿದರೆ ತಕ್ಷಣ ಬಿಡುತ್ತದೆ. ಕಂಟ್ರೋಲರ್ ಚಿಪ್ ಮಂಕಾಗಿದ್ದರೂ ಹೀಗೆ ಆಗಬಹುದು. ಲ್ಯಾಪ್‌ಟಾಪ್ ಆಫ್ ಮಾಡಿದರೂ ಆ ಚಿಪ್‌ಗೆ ಒಂದಿಷ್ಟು ವಿದ್ಯುತ್ ಸಿಗುತ್ತಲೇ ಇರುತ್ತದೆ. ಚಾರ್ಜರ್ ಕಿತ್ತು, ಬ್ಯಾಟರಿ ಹೊರಬರುವಂತಿದ್ದರೆ ಅದನ್ನೂ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ನೋಡುವುದರಲ್ಲಿ ನಷ್ಟವಿಲ್ಲ.

ದೋಷ ಯಂತ್ರದ್ದೋ ತಂತ್ರಾಂಶದ್ದೋ ಎಂದು ಬೇರ್ಪಡಿಸುವ ಪರೀಕ್ಷೆ ಸುಲಭ, ಖರ್ಚಿಲ್ಲದ್ದು. ಮೊದಲು ಯುಎಸ್‌ಬಿ ಕೀಲಿಮಣೆ ಚುಚ್ಚಿ. ಅದರಲ್ಲಿ ಎಫ್ ಬಂದರೆ ವಿಂಡೋಸ್ ನಿರಪರಾಧಿ ಎಂಬುದು ಬಹುಮಟ್ಟಿಗೆ ತೀರ್ಮಾನವಾಯಿತು. ಇನ್ನೂ ಅನುಮಾನವಿದ್ದರೆ ವಿಂಡೋಸ್ ಅಥವಾ ಉಬುಂಟು ಇರುವ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಚಾಲೂ ಮಾಡಿ, ಏನನ್ನೂ ಇನ್‌ಸ್ಟಾಲ್ ಮಾಡದೆ, ಅಲ್ಲೇ ಟೈಪಿಸಿ ನೋಡಬಹುದು. ವಿಂಡೋಸ್ ಸೆಟಪ್ ಪರದೆಯಲ್ಲಿ ಶಿಫ್ಟ್ ಹಿಡಿದು ಎಫ್10 ಒತ್ತಿದರೆ ಬರೆಯಲು ಕಪ್ಪು ಕಿಟಕಿ ತೆರೆದುಕೊಳ್ಳುತ್ತದೆ. ಡಿಸ್ಕ್‌ನಲ್ಲಿರುವ ವಿಂಡೋಸ್ ಅಲ್ಲಿ ಓಡುತ್ತಲೇ ಇರುವುದಿಲ್ಲ. ಅಲ್ಲೂ ಎಫ್ ಬರದಿದ್ದರೆ ಕೆಟ್ಟಿರುವುದು ಕೀಲಿಮಣೆ, ಅದರ ರಿಬ್ಬನ್ ಕೇಬಲ್ ಅಥವಾ ಕಂಟ್ರೋಲರ್.

ರಿಬ್ಬನ್ ಸಡಿಲವಾಗಿದ್ದರೆ ಮತ್ತೆ ಕೂರಿಸಿದಾಗ ಎಲ್ಲ ಸರಿಹೋಗುವುದುಂಟು. ಗೆರೆಯೇ ಹೋಗಿದ್ದರೆ ಕೀಲಿಮಣೆ ಬದಲಿಸಬೇಕು. ಹಳೆಯ ಮಾದರಿಗಳಲ್ಲಿ ಅದು ಕೆಲವೇ ಸ್ಕ್ರೂಗಳ ಕೆಲಸ, ಹೊಸ ಅನೇಕ ಮಾದರಿಗಳಲ್ಲಿ ಮೇಲ್ಕವಚಕ್ಕೇ ಬೆಸೆದಿರುತ್ತಾರೆ, ಖರ್ಚು ಜಾಸ್ತಿ. ಅಲ್ಲಿಯವರೆಗೆ ಮೈಕ್ರೋಸಾಫ್ಟ್‌ನ ಉಚಿತ ಪವರ್‌ಟಾಯ್ಸ್ ಬಳಸಿ, ಕೆಲಸಕ್ಕೆ ಬಾರದ ಒಂದು ಕೀಲಿಗೆ ಎಫ್‌ನ ಕೆಲಸ ಒಪ್ಪಿಸಬಹುದು. ಇನ್‌ಸ್ಕ್ರಿಪ್ಟ್ ವಿನ್ಯಾಸ ಬಲ್ಲವರಿಗೆ ಒತ್ತಕ್ಷರ ಡಿ ಕೀಲಿಯಲ್ಲಿ ಇರುವುದರಿಂದ ಅಷ್ಟರಮಟ್ಟಿಗೆ ತೊಂದರೆಯಿಲ್ಲ.

ಓದುಗರಲ್ಲಿ ಒಂದೇ ವಿನಂತಿ. ಹೊರಗಿನ ಕೀಲಿಮಣೆ ಚುಚ್ಚಿ ನೋಡದೆಯೇ ‘ಫಾರ್ಮ್ಯಾಟ್ ಮಾಡಬೇಕು’ ಎನ್ನುವ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಬಿಟ್ಟು ಬರಬೇಡಿ.