ಎಲ್ಲರಿಗೂ ಒಂದೇ ಪ್ರಶ್ನೆ

ಬಿದ್ದು ಕೈ ಮುರಿದುಕೊಂಡವರು, ಎದೆನೋವೆಂದು ನಡುರಾತ್ರಿ ಬಂದವರು, ಜ್ವರದಿಂದ ಬಳಲುವವರು—ಆಸ್ಪತ್ರೆಯ ತುರ್ತುಚಿಕಿತ್ಸಾ ವಿಭಾಗಕ್ಕೆ ಬರುವವರು ನಾನಾ ಬಗೆ. ಇವರಲ್ಲಿ ಅನೇಕರ ರಕ್ತವನ್ನು ಹೇಗೂ ಪರೀಕ್ಷೆಗೆ ತೆಗೆಯುತ್ತಾರಷ್ಟೆ. ಅದರೊಡನೆಯೇ ಎಚ್‌ಐವಿ ಪರೀಕ್ಷೆಯನ್ನೂ ಮಾಡಿದರೆ ಹೇಗೆ?

ಈ ಪ್ರಶ್ನೆಗೆ ಕಾರಣವುಂಟು. ಎಚ್‌ಐವಿ ಎಂಬುದು ವೈರಾಣುವಿನ ಹೆಸರು. ಅದು ದೇಹದ ರೋಗನಿರೋಧಕ ಶಕ್ತಿಯನ್ನು ತೀರ ಕುಂದಿಸಿದಾಗ ಒದಗುವ ಸ್ಥಿತಿಯೇ ಏಡ್ಸ್. ಚಿಕಿತ್ಸೆಯಿಲ್ಲದಿದ್ದರೆ ಇವೆರಡರ ನಡುವೆ ಎಷ್ಟೋ ವೇಳೆ ಎಂಟು ಹತ್ತು ವರ್ಷ ಕಳೆಯುತ್ತವೆ. ಅಷ್ಟು ಕಾಲವೂ ಮನುಷ್ಯನು ಆರೋಗ್ಯವಂತನಂತೆಯೇ ತೋರಬಹುದು. ಆದುದರಿಂದ ತಾನಾಗಿ ಪರೀಕ್ಷೆಗೆ ಹೋಗುವುದಿಲ್ಲ. ಬೇಗ ಪತ್ತೆಯಾದರೆ ಕ್ರಮವಾಗಿ ಔಷಧ ಸೇವಿಸಿ ದೀರ್ಘಕಾಲ ಬಾಳಬಹುದು. ರಕ್ತದಲ್ಲಿ ವೈರಾಣು ಪರೀಕ್ಷೆಗೆ ಕಾಣದಷ್ಟು ಇಳಿದು ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಇತರರಿಗೆ ಹರಡುವುದೂ ಇಲ್ಲ.

ಅಮೆರಿಕದ ರೋಗನಿಯಂತ್ರಣ ಕೇಂದ್ರವು 2006ರಲ್ಲಿಯೇ, 13ರಿಂದ 64 ವರ್ಷದವರಿಗೆಲ್ಲ ಆಸ್ಪತ್ರೆಗಳಲ್ಲಿ, ತುರ್ತು ವಿಭಾಗಗಳಲ್ಲಿಯೂ, ಈ ಪರೀಕ್ಷೆ ವಾಡಿಕೆಯಾಗಲಿ ಎಂದು ಸಲಹೆಯಿತ್ತಿತು. ಇಂಗ್ಲೆಂಡಿನಲ್ಲಿ 2022ರ ಏಪ್ರಿಲ್‌ನಲ್ಲಿ, ಸೋಂಕು ಹೆಚ್ಚಾಗಿದ್ದ ಲಂಡನ್, ಮ್ಯಾಂಚೆಸ್ಟರ್, ಬ್ರೈಟನ್ ಮೊದಲಾದ ಕಡೆ ಇದು ಆರಂಭವಾಯಿತು. ಅಲ್ಲಿ ತುರ್ತು ವಿಭಾಗದಲ್ಲಿ ರಕ್ತ ಕೊಡುವ ವಯಸ್ಕರಲ್ಲಿ ‘ಬೇಡ’ ಎನ್ನದವರಿಗೆಲ್ಲ ಪರೀಕ್ಷೆಯುಂಟು.

ತರಗತಿಯಲ್ಲಿ ಒಬ್ಬ ಹುಡುಗನನ್ನೇ ಎಬ್ಬಿಸಿ ಪ್ರಶ್ನಿಸಿದರೆ ಅವನು ತಲೆ ತಗ್ಗಿಸುತ್ತಾನೆ. ಸಾಲಾಗಿ ಎಲ್ಲರನ್ನೂ ಕೇಳಿದರೆ ಯಾರಿಗೂ ಸಂಕೋಚವಿಲ್ಲ. ಮೂವತ್ತು ವರ್ಷ ಪಾಠ ಹೇಳಿ ನಾನು ಕಂಡ ಮಾತಿದು. ವೈದ್ಯರು ‘ಇವರಿಗೆ ಇರಬಹುದು, ಅವರಿಗೆ ಇರಲಾರದು’ ಎಂದು ಮುಖ ನೋಡಿ ಆರಿಸತೊಡಗಿದರೆ ಅಪಮಾನವೂ ಆಗುತ್ತದೆ, ಸೋಂಕು ಕಣ್ತಪ್ಪಿಯೂ ಹೋಗುತ್ತದೆ.

ನಮ್ಮ ದೇಶದಲ್ಲಿ ಒಂದು ಎಚ್ಚರ ಅಗತ್ಯ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಅದರಂತೆ, ಕೆಲವು ವಿಶೇಷ ಸಂದರ್ಭಗಳ ಹೊರತು, ವಿಷಯ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಕೂಡದು, ಫಲಿತಾಂಶವನ್ನು ಗೋಪ್ಯವಾಗಿಡಬೇಕು. ನೋವಿನಿಂದ ನರಳುವವರ ಮೌನವನ್ನು ಒಪ್ಪಿಗೆಯೆಂದು ಎಣಿಸಲಾಗದು. ಎಲ್ಲರನ್ನೂ ಕೇಳುವುದು ಒಳ್ಳೆಯದೇ. ಆದರೆ ಉತ್ತರಕ್ಕೆ ಕಾಯಬೇಕು.

ಮೊದಲ ಪರೀಕ್ಷೆಯಲ್ಲಿ ಸೋಂಕಿನ ಸೂಚನೆ ಕಂಡರೆ ಅದೇ ಕೊನೆಯ ಮಾತಲ್ಲ. ಮತ್ತೆ ಪರೀಕ್ಷಿಸಿ ದೃಢಪಡಿಸುತ್ತಾರೆ. ಸರ್ಕಾರಿ ಆಸ್ಪತ್ರೆಗಳ ಪರೀಕ್ಷಾಕೇಂದ್ರಗಳಲ್ಲಿ ಪರೀಕ್ಷೆಯೂ ಸಲಹೆಯೂ ಉಚಿತ. ಮುಂದೆ ವೈದ್ಯರು ‘ಈ ಪರೀಕ್ಷೆ ಮಾಡಬಹುದೇ?’ ಎಂದು ಕೇಳಿದರೆ ವಾಚಕರು ನೊಂದುಕೊಳ್ಳಬೇಕಾಗಿಲ್ಲ. ಪಕ್ಕದ ಮಂಚದವರನ್ನೂ ಅದನ್ನೇ ಕೇಳುವುದಾದರೆ ಅದರಲ್ಲಿ ಸಂಶಯದ ಮಾತೇನೂ ಇಲ್ಲ.