ಸದಸ್ಯತ್ವದ ಚೀಟಿಯಲ್ಲಿ ನಿಮ್ಮ ಹೆಸರಿದೆಯೇ?

ಪ್ರಿಯ ಸಹೋದರಿ, ಝುಹರ್ ನಮಾಝ್ ಮುಗಿಸಿ, ಮಕ್ಕಳು ಶಾಲೆಯಿಂದ ಬರುವುದಕ್ಕೆ ಇನ್ನೂ ಒಂದು ಗಂಟೆ ಇರುವಾಗ ನೀವು ಈ ಪುಟ ತೆರೆದಿರಬಹುದು. ಬಸವೇಶ್ವರನಗರದ ಬಾಡಿಗೆ ಮನೆಯಲ್ಲೋ, ಕೆಂಗೇರಿಯ ಅಡುಗೆ ಕೋಣೆಯಲ್ಲೋ, ಒಂದು ಕೈಯಲ್ಲಿ ಸೌಟು ಹಿಡಿದೇ ಓದುತ್ತಿರಬಹುದು. ಹೇಗೇ ಓದಿದರೂ ಬರೆದವಳ ಮೇಲೆ ನಿಮ್ಮ ಋಣವಿದೆ. ಜನರಿಗೆ ಕೃತಜ್ಞರಾಗದವರು ಅಲ್ಲಾಹನಿಗೂ ಕೃತಜ್ಞರಾಗಲಾರರೆಂಬುದು ಪ್ರವಾದಿ(ಸ)ರ ಬೋಧನೆ. ಆದ್ದರಿಂದ ಮೊದಲು ನಿಮಗೆ ಧನ್ಯವಾದ ಹೇಳಿಯೇ ಮುಂದಿನ ಮಾತು.

ಓದುವವಳ ಬೆಲೆ ಏನೆಂದು ತಿಳಿಯಬೇಕಾದರೆ ಸಾರಾ ಅಬೂಬಕ್ಕರ್‌ರವರ ಬದುಕನ್ನು ನೋಡಬೇಕು. ಅವರು ಹುಟ್ಟಿದ್ದು 1936ರಲ್ಲಿ, ಕಾಸರಗೋಡಿನಲ್ಲಿ. ತಂದೆ ವಕೀಲರು. ಮುಸ್ಲಿಮ್ ಹೆಣ್ಣು ಮಕ್ಕಳನ್ನು ಶಾಲೆಗೆ ಕಳುಹಿಸುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಮಗಳನ್ನು ಕನ್ನಡ ಶಾಲೆಯಲ್ಲಿ ಓದಿಸಿದರು. ಶಾಲೆ ಮುಗಿಯುತ್ತಲೇ ಮದುವೆ. ನಂತರ ನಾಲ್ವರು ಗಂಡು ಮಕ್ಕಳು. ಕಾಲೇಜು ಮೆಟ್ಟಿಲು ಹತ್ತುವ ಆಸೆ ಆಸೆಯಾಗಿಯೇ ಉಳಿಯಿತು. ಕೊನೆಗೆ ಅವರಿಗೆ ಗ್ರಂಥಾಲಯವೊಂದರ ಸದಸ್ಯತ್ವ ದೊರೆತದ್ದು 1963ರಲ್ಲಿ.

ಆ ಇಸವಿಯನ್ನು ಸ್ವಲ್ಪ ಗಮನಿಸಿ. ಆಗ ಅವರಿಗೆ 27 ವರ್ಷ. ಒಂದು ಪುಸ್ತಕವನ್ನು ಎರವಲು ತಂದು ಓದುವ ಅವಕಾಶಕ್ಕಾಗಿ ಒಬ್ಬ ಹೆಣ್ಣು ಮಗಳು ಅಷ್ಟು ವರ್ಷ ಕಾಯಬೇಕಾಯಿತು!

ಅವರ ಮೊದಲ ಬರಹ ಬೆಂಗಳೂರಿನ ‘ಲಂಕೇಶ್ ಪತ್ರಿಕೆ’ಯಲ್ಲಿ ಅಚ್ಚಾದದ್ದು 1981ರಲ್ಲಿ. ಅಂದರೆ ಚೀಟಿ ಸಿಕ್ಕಿದ 18 ವರ್ಷಗಳ ನಂತರ. ಅವರು ತಡವಾಗಿ ಬರೆಯತೊಡಗಿದರು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ 18 ವರ್ಷ ಅವರು ನಿಮ್ಮ ಹಾಗೆಯೇ ಮನೆ, ಮಕ್ಕಳು, ಅಡುಗೆಯ ನಡುವೆ ಪುಸ್ತಕ ಹಿಡಿಯುತ್ತಿದ್ದ ಒಬ್ಬ ಓದುಗಿ. ಅವರೊಳಗಿನ ಲೇಖಕಿ ಬೆಳೆದದ್ದು ಅಲ್ಲಿಯೇ.

ತಂದೆಯ ಹಟಕ್ಕೂ ಗಂಡನ ಹಟಕ್ಕೂ ನಡುವೆ ಸಿಲುಕಿದ ನಾದಿರಾಳ ಕತೆ ‘ಚಂದ್ರಗಿರಿಯ ತೀರದಲ್ಲಿ’ ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1984ರಲ್ಲಿ ಪುಸ್ತಕವಾಯಿತು. ಸಮುದಾಯದಲ್ಲಿ ಬಿಸಿ ಚರ್ಚೆಯೂ ಎದ್ದಿತು. ಅವರ ಎಲ್ಲ ನಿಲುವುಗಳನ್ನು ನೀವು ಒಪ್ಪಬೇಕೆಂದೇನೂ ಇಲ್ಲ. ಆದರೆ ಓದದೆಯೇ ಬೈದವರೂ ಇದ್ದಾರಲ್ಲ, ಅವರ ವಿಷಯ ಬೇರೆ! 1994ರಲ್ಲಿ ಅವರು ‘ಚಂದ್ರಗಿರಿ ಪ್ರಕಾಶನ’ವನ್ನು ಆರಂಭಿಸಿದರು. ಸ್ವಂತ ಪ್ರಕಾಶನ ನಡೆಸುವ ಲೇಖಕಿಗೆ ಅಂಗಡಿಯಲ್ಲಿ ಹಣ ಕೊಟ್ಟು ಪುಸ್ತಕ ಕೊಳ್ಳುವ ಓದುಗರಲ್ಲದೆ ಇನ್ನಾರು ಆಸರೆ? 2023ರ ಜನವರಿಯಲ್ಲಿ ಅವರು ತೀರಿಕೊಂಡರು.

ಬಾನು ಮುಷ್ತಾಕ್‌ರ ಕತೆಯೂ ನಿಮಗೆ ತಿಳಿದಿರಬಹುದು. ಎಂಟು ವರ್ಷದ ಬಾಲಕಿಯನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದೇ ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. ಕೆಲವೇ ದಿನಗಳಲ್ಲಿ ಆಕೆ ಬರೆಯತೊಡಗಿದಳು. ಅದೇ ಕನ್ನಡದ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು.

ಇನ್ನು ನಮ್ಮ ಮನೆಗಳ ಮಾತು. ರಾಜಾಜಿನಗರ, ವಿಜಯನಗರದ ಕಡೆ ನಮ್ಮಲ್ಲಿ ಎಷ್ಟೋ ಮನೆಗಳ ಮಾತು ಉರ್ದು, ಮಕ್ಕಳ ಶಾಲೆ ಇಂಗ್ಲಿಷ್. ಕನ್ನಡ ಪುಸ್ತಕ ಹಿಡಿಯುವವಳು ಹೆಚ್ಚಾಗಿ ತಾಯಿಯೊಬ್ಬಳೇ. ಹಿರಾ ಗುಹೆಯಲ್ಲಿ ಅವತೀರ್ಣವಾದ ಮೊದಲ ಆಜ್ಞೆಯೇ ಓದಿನದೆಂದು ಭಾಷಣಗಳಲ್ಲಿ ಕೇಳಿ ತಲೆದೂಗುತ್ತೇವೆ. ಮನೆಗೆ ಬಂದು ಪುಸ್ತಕ ಹಿಡಿದು ಕುಳಿತ ಸೊಸೆಯನ್ನು ಕಂಡರೆ ಮಾತ್ರ, “ಕೆಲಸ ಎಲ್ಲ ಆಯ್ತೇನಮ್ಮಾ?” ಎಂದು ಕೇಳುತ್ತೇವೆ. ಅತ್ತೆಯಂದಿರೇ, ಬೇಸರಿಸಬೇಡಿ. ನಾನೂ ಕೇಳಿದವಳೇ.

ಪುಸ್ತಕ ಕೊಳ್ಳಲು ದುಡ್ಡೆಲ್ಲಿ ಎನ್ನುವವರು ಒಂದು ಲೆಕ್ಕ ಕೇಳಿ. ಕರ್ನಾಟಕದಲ್ಲಿ 1965ರಿಂದಲೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ಅದರ ಪ್ರಕಾರ ಪ್ರತಿ 100 ರೂಪಾಯಿ ಆಸ್ತಿ ತೆರಿಗೆಯ ಜೊತೆ 6 ರೂಪಾಯಿ ಗ್ರಂಥಾಲಯ ಕರ ಸೇರುತ್ತದೆ. ಸ್ವಂತ ಮನೆಯಾದರೆ ನೀವೇ ಕಟ್ಟುತ್ತೀರಿ. ಬಾಡಿಗೆಯಾದರೆ ಮಾಲಿಕರು ಅದನ್ನು ಬಾಡಿಗೆಯಲ್ಲಿ ಸೇರಿಸದೆ ಬಿಟ್ಟಾರೆಯೇ? ಹಣ ನಿಮ್ಮದು, ಪುಸ್ತಕಗಳೂ ನಿಮ್ಮವು.

ವಿಜಯನಗರದ ಹಂಪಿನಗರದಲ್ಲಿ ಪಶ್ಚಿಮ ವಲಯದ ನಗರ ಕೇಂದ್ರ ಗ್ರಂಥಾಲಯವಿದೆ. ಕೆಂಗೇರಿಯವರಿಗೆ 2021ರ ಆಗಸ್ಟ್‌ನಿಂದ ಮೆಟ್ರೋ ಬಂದಿದೆ. ವಿಜಯನಗರದಲ್ಲಿ ಇಳಿದು ಆಟೋ ಹಿಡಿದರಾಯಿತು. ಗುರುತಿನ ಚೀಟಿ, ವಿಳಾಸದ ದಾಖಲೆ, ಒಂದಿಷ್ಟು ಠೇವಣಿ ಹಣ ಜೊತೆಗಿರಲಿ. ಅರ್ಜಿಯಲ್ಲಿ ಯಜಮಾನರ ಹೆಸರು ಬೇಡ, ಮಗನದ್ದೂ ಬೇಡ, ನಿಮ್ಮದನ್ನೇ ಬರೆಯಿರಿ. ಸಾರಾ ಅಬೂಬಕ್ಕರ್‌ರ ಪುಸ್ತಕಗಳಿವೆಯೇ ಎಂದು ವಿಚಾರಿಸಿ. ಇಲ್ಲವೆಂದರೆ ತರಿಸಿಕೊಡಿ ಎಂದು ಬರೆದು ಕೊಟ್ಟು ಬನ್ನಿ. ಓದಿದ ಮೇಲೆ ಹೇಗನ್ನಿಸಿತೆಂದು ನಮಗೂ ಎರಡು ಸಾಲು ಬರೆಯಿರಿ.